ಹೊಸ ಊರು ಕಟ್ಟುವಾಗ ಹಳೇ ಊರನ್ನ ಕೇಳಿದ್ರಾ? ಎಡತೊರೆ, ಬೈಲಕುಪ್ಪೆ, ನಾಗಾಪುರದ ಕಥೆ

 

ಮೈಸೂರಿಂದ ಹುಣಸೂರು ರಸ್ತೆ ಹಿಡಿದು ಹೋದ್ರೆ ಎರಡೂ ಕಡೆ ಏನು ಕಾಣುತ್ತೆ ಹೇಳಿ? ಲೇಔಟ್ ಬೋರ್ಡುಗಳು. ಮೊನ್ನೆವರೆಗೆ ರಾಗಿ ಬೆಳೀತಿದ್ದ ಹೊಲದಲ್ಲಿ ಕಲ್ಲು ನೆಟ್ಟು, ಸುಣ್ಣ ಬಳಿದು, ಒಂದು ಕಮಾನು ಕಟ್ಟಿದ್ರೆ ಅಲ್ಲೊಂದು 'ನಗರ' ಹುಟ್ಟುತ್ತೆ. ಪಕ್ಕದ ಹಳ್ಳಿಯವರು ಟೀ ಅಂಗಡಿಲಿ ಕೂತು ಮಾತಾಡ್ತಾರೆ. "ಜಮೀನಿಗೆ ಒಳ್ಳೇ ರೇಟ್ ಬಂತು ಬಿಡು" ಅಂತ ಒಬ್ಬರು ಅಂದ್ರೆ, "ದನ ಎಲ್ಲಿ ಮೇಯಿಸೋದು? ಕೆರೆಗೆ ಅವರ ಚರಂಡಿ ನೀರು ಬಂದ್ರೆ?" ಅಂತ ಇನ್ನೊಬ್ಬರು ಕೇಳ್ತಾರೆ. ಈ ಮಾತು ಟೀ ಅಂಗಡಿ ದಾಟಿ ಕಡತದವರೆಗೆ ಹೋಗುತ್ತಾ?

ಇವತ್ತಿನ ಸಂಚಿಕೆ ಈ ಪ್ರಶ್ನೆಯ ಇತಿಹಾಸ. ಅದಕ್ಕೆ ನಾವು ದೂರ ಹೋಗಬೇಕಿಲ್ಲ. ಹುಣಸೂರು, ಪಿರಿಯಾಪಟ್ಟಣ, ಕೆ.ಆರ್. ನಗರ, ಎಚ್.ಡಿ. ಕೋಟೆ, ಈ ಸೀಮೆ ಸಾಕು. ಇಲ್ಲಿ ನೂರು ವರ್ಷದಲ್ಲಿ ಹಳ್ಳಿಗಾಡಿನ ಮಧ್ಯೆ ಮೂರು ಬಗೆಯ ಹೊಸ ಊರು ಎದ್ದಿವೆ. ಒಂದು ಪ್ರವಾಹದಿಂದ, ಇನ್ನೊಂದು ಹಿಮಾಲಯದ ಆಚೆ ನಡೆದ ರಾಜಕೀಯದಿಂದ, ಮತ್ತೊಂದು ಕಾಡು ಉಳಿಸ್ತೀವಿ ಅನ್ನೋ ನೀತಿಯಿಂದ.

ಕಥೆಗೆ ಒಂದು ನಡುಗಂಬ ಬೇಕಲ್ವಾ? ಅದು ಚುಂಚನಕಟ್ಟೆ. ಕಾವೇರಿ ಬಂಡೆ ಮೇಲಿಂದ ಧುಮುಕೋ ಜಾಗ. ದಡದಲ್ಲಿ ಕೋದಂಡರಾಮ ದೇವಸ್ಥಾನ. ಸಂಕ್ರಾಂತಿ ಹೊತ್ತಿಗೆ ದನಗಳ ಜಾತ್ರೆ. ಸುತ್ತಲ ತಾಲ್ಲೂಕುಗಳ ರೈತರು ಜೋಡಿ ಎತ್ತು ಹೊಡ್ಕೊಂಡು ಬರೋ ಜಾಗ. ಪೇಪರ್ ಓದೋರು ಕಡಿಮೆ, ಫೋನ್ ಅಂತೂ ಇಲ್ಲದ ಕಾಲದಲ್ಲಿ, ಸರ್ಕಾರ ಏನು ಮಾಡ್ತಿದೆ, ಎಲ್ಲಿ ಯಾರ ಜಮೀನು ಹೋಯ್ತು, ಎಲ್ಲಿ ಹೊಸಬರು ಬಂದ್ರು, ಇದೆಲ್ಲ ಹರಡ್ತಿದ್ದಿದ್ದು ಇಂಥ ಜಾತ್ರೆ, ಸಂತೆ, ಅರಳಿಕಟ್ಟೆಗಳಲ್ಲೇ. ಜನಾಭಿಪ್ರಾಯ ಅಂದ್ರೆ ಆಗ ಅದೇ.

ಮೊದಲನೇ ಊರು: ಎಡತೊರೆ ಬಿಟ್ಟು ಕೃಷ್ಣರಾಜನಗರ

ಚುಂಚನಕಟ್ಟೆಯಿಂದ ಕಾವೇರಿ ಜೊತೆ ಕೆಳಗೆ ಬಂದ್ರೆ ಸಿಗೋದು ಎಡತೊರೆ. ಅರ್ಕೇಶ್ವರ ದೇವಸ್ಥಾನ ಇರೋ ಹಳೇ ಊರು, ಆಗಿನ ತಾಲ್ಲೂಕಿನ ಹೆಸರೂ ಅದೇ. ನದಿ ದಡದ ಊರಿಗೆ ನದಿನೇ ಬಲ, ನದಿನೇ ಭಯ. 1924ರ ಜುಲೈನಲ್ಲಿ ದಕ್ಷಿಣ ಭಾರತದಲ್ಲೆಲ್ಲ ಮಳೆ ಹುಚ್ಚೆದ್ದು ಸುರೀತು. ಕೇರಳದ ಹಳಬರು 'ತೊಂಬತ್ತೊಂಬತ್ತರ ಪ್ರವಾಹ' ಅಂತ ಇವತ್ತಿಗೂ ಹೇಳೋದು ಇದನ್ನೇ; ಅವರ ಕೊಲ್ಲಂ ಲೆಕ್ಕದಲ್ಲಿ ಅದು 1099ನೇ ವರ್ಷ. ಅದೇ ಮಳೆಗೆ ಕಾವೇರಿಯೂ ಉಕ್ಕಿ ಹರೀತು.

ಪ್ರವಾಹಕ್ಕೆ ಸಿಕ್ಕಿ ನಲುಗಿದ ಎಡತೊರೆಯ ಜನಕ್ಕಾಗಿ ದಡದಿಂದ ದೂರಕ್ಕೆ ಹೊಸ ಪಟ್ಟಣ ಯೋಜನೆ ಹಾಕಿ ಕಟ್ಟಿದ್ರು. ಸುಮಾರು 1925ರಿಂದ 1930ರ ನಡುವೆ ಅದು ರೂಪ ಪಡೀತು. ಆಳ್ತಿದ್ದ ನಾಲ್ವಡಿ ಕೃಷ್ಣರಾಜ ಒಡೆಯರ ಹೆಸರೇ ಊರಿಗೆ ಬಂತು: ಕೃಷ್ಣರಾಜನಗರ. ನಾವು ಬಾಯ್ತುಂಬ 'ಕೆ.ಆರ್. ನಗರ' ಅನ್ನೋದು ಇದನ್ನೇ.

ಇಲ್ಲಿ ಗಮನಿಸಬೇಕಾದ ವಿಷಯ: ಊರು ಬದಲಾಯ್ತು, ಜನ ಬದಲಾಗಲಿಲ್ಲ. ಅದೇ ನೆಂಟರು, ಅದೇ ಗದ್ದೆ, ಅದೇ ದೇವರು. ಹಳೇ ಎಡತೊರೆಗೆ ನಡ್ಕೊಂಡೇ ಹೋಗಬಹುದು. ಯಾಕೆ ಹೋಗಬೇಕು ಅನ್ನೋದಕ್ಕೆ ಭಾಷಣ ಬೇಕಿರಲಿಲ್ಲ, ಮನೆಯೊಳಗೆ ನುಗ್ಗಿದ ನೀರೇ ಹೇಳಿತ್ತು.

ಮೈಸೂರು ಸಂಸ್ಥಾನದಲ್ಲಿ ಜನರ ಅಹವಾಲು ಹೇಳೋಕೆ ಒಂದು ವೇದಿಕೆಯೂ ಇತ್ತು. 1881ರಲ್ಲಿ ದಿವಾನ್ ರಂಗಾಚಾರ್ಲು ಕಾಲದಲ್ಲಿ ಶುರುವಾದ ಪ್ರಜಾಪ್ರತಿನಿಧಿ ಸಭೆ. ದಸರಾ ಹೊತ್ತಿಗೆ ಮೈಸೂರಲ್ಲಿ ಸೇರ್ತಿತ್ತು. ತಾಲ್ಲೂಕುಗಳಿಂದ ಬಂದವರು ರಸ್ತೆ, ಕೆರೆ, ಕಂದಾಯದ ಕಷ್ಟ ಹೇಳ್ತಿದ್ರು. ಆದ್ರೆ ಅಲ್ಲಿ ಕೂರ್ತಿದ್ದವರು ಹೆಚ್ಚಾಗಿ ಜಮೀನ್ದಾರರು, ವ್ಯಾಪಾರಿಗಳು, ಓದಿದವರು. ಕೂಲಿ ಮಾಡೋರ ದನಿಗೆ ಅಲ್ಲಿ ಕುರ್ಚಿ ಇರಲಿಲ್ಲ.

ಇದೇ ಕಾಲದಲ್ಲಿ ಇನ್ನೂ ಕೆಳಗೆ ಕನ್ನಂಬಾಡಿ ಕಟ್ಟೆ ಏಳ್ತಿತ್ತು. 1911ರಲ್ಲಿ ಶುರುವಾದ ಕೆಲಸ ಮುಗಿಯೋ ಹೊತ್ತಿಗೆ 1930ರ ದಶಕ ಬಂದಿತ್ತು. ಹಳೇ ಕನ್ನಂಬಾಡಿ ಊರು, ವೇಣುಗೋಪಾಲಸ್ವಾಮಿ ಗುಡಿ ಎಲ್ಲ ನೀರಲ್ಲಿ ಮುಳುಗಿದ್ವು. ಎಡತೊರೆಯವರು ಹೋಗಿದ್ದು ತಮ್ಮ ಜೀವ ಉಳಿಸ್ಕೊಳ್ಳೋಕೆ. ಕನ್ನಂಬಾಡಿಯವರು ಹೋಗಿದ್ದು ಬೇರೆಯವರ ಗದ್ದೆಗೆ ನೀರು ಹರೀಲಿ ಅಂತ. ಎರಡೂ ಸ್ಥಳಾಂತರವೇ, ಆದ್ರೆ ಹೋಗೋರ ಮನಸ್ಸಲ್ಲಿ ಎರಡೂ ಒಂದೇ ಅಲ್ಲ.

ಎರಡನೇ ಊರು: ಬೈಲಕುಪ್ಪೆ

ಈಗ ನದಿಯ ಮೇಲ್ಗಡೆ ಹೋಗೋಣ. ಕುಶಾಲನಗರದ ಈಚೆ ದಡ, ಪಿರಿಯಾಪಟ್ಟಣ ತಾಲ್ಲೂಕು. ನೀವೆಲ್ಲ ಗೋಲ್ಡನ್ ಟೆಂಪಲ್ ಮುಂದೆ ಸೆಲ್ಫಿ ತಗೊಂಡಿರ್ತೀರ, ಮೊಮೊ ತಿಂದಿರ್ತೀರ. ಆದ್ರೆ ಅಲ್ಲಿಗೆ ಟಿಬೆಟಿಯನ್ನರು ಬಂದದ್ದು ಹೇಗೆ?

1959ರ ಮಾರ್ಚ್‌ನಲ್ಲಿ ದಲೈ ಲಾಮಾ ಲಾಸಾ ಬಿಟ್ಟು ಭಾರತಕ್ಕೆ ಬಂದ್ರು. ಹಿಂದೆಯೇ ಸಾವಿರಾರು ಜನ. ಶುರುವಿನಲ್ಲಿ ಅವರಿಗೆ ಹಿಮಾಲಯದ ತಪ್ಪಲಲ್ಲಿ ರಸ್ತೆ ಕೆಲಸ. ಅದು ಶಾಶ್ವತ ಬದುಕಲ್ಲ. ಪ್ರಧಾನಿ ನೆಹರೂ ರಾಜ್ಯಗಳನ್ನ ಕೇಳಿದ್ರು: ಇವರಿಗೆ ಜಮೀನು ಕೊಡ್ತೀರಾ? ಆಗಿನ ಮೈಸೂರು ರಾಜ್ಯ ಮುಂದೆ ಬಂತು. ಬೈಲಕುಪ್ಪೆ ಹತ್ತಿರ ಸುಮಾರು 3,000 ಎಕರೆ ಗುತ್ತಿಗೆ ಮೇಲೆ ಸಿಕ್ತು. 1960ರ ಕೊನೆಗೆ ಮೊದಲ ತಂಡಗಳು ಬಂದ್ವು. ಲುಗ್ಸುಂಗ್ ಸಮ್ದುಪ್ಲಿಂಗ್ ಅನ್ನೋ ವಸತಿ ಹೀಗೆ ಶುರುವಾಯ್ತು.

ಇಲ್ಲೊಂದು ಸ್ವಾರಸ್ಯ ಇದೆ. ಈ ಜಮೀನಿಗಾಗಿ ಟಿಬೆಟಿಯನ್ನರು ಇವತ್ತಿಗೂ ಕೃತಜ್ಞತೆಯಿಂದ ನೆನೆಯೋದು ಎಸ್. ನಿಜಲಿಂಗಪ್ಪನವರನ್ನ. ಆದ್ರೆ 1958ರಿಂದ 1962ರವರೆಗೆ ಮುಖ್ಯಮಂತ್ರಿ ಆಗಿದ್ದವರು ಬಿ.ಡಿ. ಜತ್ತಿ, ನಿಜಲಿಂಗಪ್ಪ ಅವರಿಗಿಂತ ಹಿಂದೆಯೂ ಇದ್ದರು, ಮುಂದೆಯೂ ಬಂದರು. ಜನರ ನೆನಪು ದಿನಾಂಕ ನೋಡಿ ಕೂರಲ್ಲ. ಆದ್ರೆ ಒಂದು ಯೋಚನೆ ಮಾಡಿ: ಮುಖ್ಯಮಂತ್ರಿ ಯಾರು ಅಂತನಾದ್ರೂ ನಾವು ಮಾತಾಡ್ತೀವಿ. ಆ 3,000 ಎಕರೆಯ ಅಂಚಲ್ಲಿದ್ದ ಹಳ್ಳಿಗಳು ಏನಂದುಕೊಂಡ್ವು ಅಂತ ಯಾರು ಮಾತಾಡ್ತೀವಿ?

ಸರ್ಕಾರದ ಲೆಕ್ಕದಲ್ಲಿ ಅದು ಕಾಡು. ಯಾರ ಪಹಣಿಯಲ್ಲೂ ಇಲ್ಲದ ಜಾಗ. ಆದ್ರೆ ಹಳ್ಳಿಯವರಿಗೆ ಪಹಣಿ ಇಲ್ಲದ ಜಾಗವೂ ಜಾಗವೇ: ದನ ಮೇಯೋದು ಅಲ್ಲಿ, ಸೌದೆ ಬರೋದು ಅಲ್ಲಿಂದ. ಸರ್ಕಾರಿ ಕಾಡನ್ನ ಗುತ್ತಿಗೆಗೆ ಕೊಡೋಕೆ ಪಕ್ಕದ ಹಳ್ಳಿಯ ಒಪ್ಪಿಗೆ ಬೇಕು ಅನ್ನೋ ಕಾನೂನು ಆಗ ಇರಲಿಲ್ಲ.

ಬಂದವರಿಗೂ ಅದು ಸ್ವರ್ಗ ಆಗಿರಲಿಲ್ಲ. ತಣ್ಣನೆ ಪ್ರಸ್ಥಭೂಮಿಯಿಂದ ಬಂದವರಿಗೆ ಇಲ್ಲಿನ ಸೆಕೆ. ಡೇರೆ, ಬಿದಿರಿನ ಗುಡಿಸಲು. ಮರ ಕಡಿದು, ಬೇರು ಕಿತ್ತು ಹೊಲ ಮಾಡಬೇಕು. ರಾತ್ರಿ ಆನೆ ಕಾಟ. ತಲೆಗೊಂದು ಎಕರೆ ಲೆಕ್ಕದಲ್ಲಿ ಜಮೀನು, ಅದರಲ್ಲಿ ಮುಸುಕಿನ ಜೋಳ. ಚಳಿಗಾಲದಲ್ಲಿ ಊರೂರಿಗೆ ಹೋಗಿ ಸ್ವೆಟರ್ ಮಾರಾಟ.

ಹಾಗಾದ್ರೆ ಇಲ್ಲಿನವರು ಹೇಗೆ ಒಪ್ಪಿಕೊಂಡ್ರು? ಒಳ್ಳೇ ಮನಸ್ಸು ಅಂತ ಹೇಳಿ ಮುಗಿಸೋದು ಸುಲಭ. ಒಳ್ಳೇ ಮನಸ್ಸು ಇತ್ತು, ನಿಜ. ಜೊತೆಗೆ ಬೇರೆ ಕಾರಣಗಳೂ ಇದ್ವು. ಯಾರ ಪಟ್ಟಾ ಜಮೀನನ್ನೂ ಕಿತ್ತುಕೊಂಡಿರಲಿಲ್ಲ. ಟಿಬೆಟಿಯನ್ನರ ಹೊಲದಲ್ಲಿ ಸುತ್ತಲಿನ ಹಳ್ಳಿಯವರಿಗೆ ಕೂಲಿ ಸಿಕ್ತು. ಕುಶಾಲನಗರ, ಪಿರಿಯಾಪಟ್ಟಣದ ಅಂಗಡಿಗಳಿಗೆ ಗಿರಾಕಿ ಸಿಕ್ರು. ಎರಡನೇ ತಲೆಮಾರು ಕನ್ನಡ ಕಲೀತು. 'ಕ್ಯಾಂಪು' ಅನ್ನೋದೇ ಊರಿನ ಹೆಸರಾಗಿ ಹೋಯ್ತು.

ಹೊಟ್ಟೆಯೊಳಗಿನ ಪ್ರಶ್ನೆ ಮಾತ್ರ ಉಳೀತು: ಹೊರಗಿಂದ ಬಂದವರಿಗೆ ಸರ್ಕಾರ ಜಮೀನು ಹುಡುಕಿ ಕೊಡ್ತು, ಇಲ್ಲೇ ಹುಟ್ಟಿದ ಭೂರಹಿತನಿಗೆ ಯಾಕಿಲ್ಲ? ಈ ಪ್ರಶ್ನೆ ಟಿಬೆಟಿಯನ್ನರ ಮೇಲಿನ ಸಿಟ್ಟಲ್ಲ, ಸರ್ಕಾರಕ್ಕೆ ಕೇಳಬೇಕಾದದ್ದು. ಅದಕ್ಕೆ ಒಂದು ಮಟ್ಟದ ಉತ್ತರ ಬಂದಿದ್ದು ಹುಣಸೂರಿನವರೇ ಆದ ಡಿ. ದೇವರಾಜ ಅರಸು ಕಾಲದಲ್ಲಿ. 1972ರಲ್ಲಿ ಅವರು ಮುಖ್ಯಮಂತ್ರಿ ಆದ್ರು, 1974ರಲ್ಲಿ ಭೂಸುಧಾರಣಾ ಕಾಯ್ದೆಗೆ ದೊಡ್ಡ ತಿದ್ದುಪಡಿ ಬಂತು, ಗೇಣಿ ಮಾಡ್ತಿದ್ದವರಿಗೆ ಜಮೀನಿನ ಹಕ್ಕು ಬಂತು. ಅದೇ 1972ರಲ್ಲಿ ಅವರದ್ದೇ ಹುಣಸೂರು ತಾಲ್ಲೂಕಿನ ಗುರುಪುರದಲ್ಲಿ ಇನ್ನೊಂದು ಟಿಬೆಟಿಯನ್ ವಸತಿ ಕೂಡ ಶುರುವಾಯ್ತು.

ಇನ್ನೊಂದು ಸಂಗತಿ. ಟಿಬೆಟಿಯನ್ನರ ಪುನರ್ವಸತಿಗಾಗಿ 1968ರಲ್ಲಿ 'ಮೈರಾಡ' ಅನ್ನೋ ಸಂಸ್ಥೆ ಹುಟ್ಟಿತು. ಆ ಕೆಲಸ ಮುಗಿದ ಮೇಲೆ ಅದು ಸ್ಥಳೀಯ ಬಡವರ ಕಡೆ ತಿರುಗಿತು. 1980ರ ದಶಕದಲ್ಲಿ ಹಳ್ಳಿ ಹೆಂಗಸರ ಸ್ವಸಹಾಯ ಗುಂಪುಗಳನ್ನ ಬೆಳೆಸಿದ ಮೊದಲಿಗರಲ್ಲಿ ಅದೂ ಒಂದು. ನಿಮ್ಮಮ್ಮ 'ಸಂಘದ ಮೀಟಿಂಗ್‌ಗೆ ಹೋಗಿ ಬರ್ತೀನಿ' ಅಂತಾರಲ್ಲ, ಆ ಸಂಘದ ಬೇರಿನ ಒಂದು ಎಳೆ ಈ ಕ್ಯಾಂಪುಗಳ ಕಥೆಯಲ್ಲಿದೆ.

ಮೂರನೇ ಊರು: ನಾಗಾಪುರ

ಈಗ ಕಷ್ಟದ ಭಾಗ. ಹುಣಸೂರು, ಎಚ್.ಡಿ. ಕೋಟೆಯ ಕಾಡಂಚು. ನಾಗರಹೊಳೆಯ ಒಳಗೆ ತಲೆಮಾರುಗಳಿಂದ ಜೇನುಕುರುಬರು, ಬೆಟ್ಟಕುರುಬರು, ಯರವರ ಹಾಡಿಗಳಿದ್ವು. 1970ರ ದಶಕದಿಂದ ಅಭಯಾರಣ್ಯ, ರಾಷ್ಟ್ರೀಯ ಉದ್ಯಾನ ಅಂತ ಗಡಿ ಬಿಗಿಯಾಗ್ತಾ ಹೋಯ್ತು, ಜನ ಹೊರಗೆ ಬಿದ್ರು. ಎಷ್ಟೋ ಜನ ಕಾಫಿ ತೋಟಗಳ ಲೈನ್ ಮನೆ ಸೇರಿದ್ರು.

1990ರ ದಶಕದಲ್ಲಿ ಒಂದು ವಿಚಿತ್ರ ನಡೀತು. ಆದಿವಾಸಿಗಳು ಇರಬಾರದು ಅಂದ ಅದೇ ಕಾಡಲ್ಲಿ ತಾಜ್ ಸಮೂಹದ ರೆಸಾರ್ಟ್‌ಗೆ ಸರ್ಕಾರ ಜಾಗ ಕೊಡ್ತು. ಆದಿವಾಸಿ ಸಂಘಟನೆಗಳು ಬೀದಿಗೆ ಬಂದ್ವು, ಕೋರ್ಟಿಗೂ ಹೋದ್ವು. 1997ರಲ್ಲಿ ಹೈಕೋರ್ಟ್ ತೀರ್ಪು ರೆಸಾರ್ಟ್ ವಿರುದ್ಧ ಬಂತು. ಈ ಸೀಮೆಯಲ್ಲಿ ಜನಾಭಿಪ್ರಾಯ ಒಂದು ಕಟ್ಟಡವನ್ನ ನಿಲ್ಲಿಸಿದ ದೊಡ್ಡ ಉದಾಹರಣೆ ಇದು.

ಅದಾದ ಮೇಲೆ, 1990ರ ದಶಕದ ಕೊನೆಯಿಂದ, ಕಾಡಿನ ಕುಟುಂಬಗಳಿಗೆ ಹುಣಸೂರು ತಾಲ್ಲೂಕಿನ ನಾಗಾಪುರದಲ್ಲಿ ಪುನರ್ವಸತಿ ಕೇಂದ್ರ ಎದ್ದಿತು. ಕುಟುಂಬಕ್ಕೊಂದು ಮನೆ, 5 ಎಕರೆ ಜಮೀನು. ಕಾಗದದ ಮೇಲೆ ಬೈಲಕುಪ್ಪೆಗಿಂತ ಒಳ್ಳೇ ಲೆಕ್ಕ. ಶಾಲೆ ಹತ್ತಿರ, ಆಸ್ಪತ್ರೆ ಹತ್ತಿರ ಅಂತ ಹೊರಗೆ ಬಂದವರೂ ಇದ್ದಾರೆ, ಅವರ ಮಾತನ್ನೂ ತಳ್ಳಿಹಾಕಬಾರದು. ಆದ್ರೆ ಜೇನು, ಗೆಡ್ಡೆಗೆಣಸು, ಕಾಡಿನ ದೇವರ ಜೊತೆ ಬದುಕಿದವರಿಗೆ ಉಳುಮೆಯ ಜಮೀನು ಕೊಟ್ಟ ಕೂಡಲೇ ಬದುಕು ಸಿಗಲ್ಲ. ಎತ್ತು ಬೇಕು, ಬಿತ್ತನೆ ಬೇಕು, ಮಳೆ ಕೈಕೊಟ್ಟ ವರ್ಷ ಸಾಲ ಕೊಡೋರು ಬೇಕು. ದೇವರ ಜಾಗ ಕಾಡೊಳಗೇ ಉಳೀತು, ಅಲ್ಲಿಗೆ ಹೋಗೋಕೆ ಈಗ ಅನುಮತಿ ಬೇಕು.

ಹೈಕೋರ್ಟ್ ನೇಮಿಸಿದ ಪ್ರೊ. ಮುಜಾಫರ್ ಅಸ್ಸಾದಿ ಸಮಿತಿ 2014ರಲ್ಲಿ ವರದಿ ಕೊಡ್ತು. ನಾಗರಹೊಳೆಯಿಂದ ಹೊರಬಿದ್ದ 3,418 ಕುಟುಂಬಗಳನ್ನ ಅದು ಗುರುತಿಸಿತ್ತು. 2025ರ ಮೇ ತಿಂಗಳಲ್ಲಿ 52 ಜೇನುಕುರುಬ ಕುಟುಂಬಗಳು ಕೊಡಗಿನ ಕಡೆಯಿಂದ ಮತ್ತೆ ಕಾಡೊಳಗೆ ಹೋಗಿ ಗುಡಿಸಲು ಹಾಕಿದ್ವು. ಹಳೇ ಊರು ಹಾಗೆ ಮರೆತುಹೋಗಲ್ಲ.

ಮೂರನ್ನೂ ಪಕ್ಕಪಕ್ಕ ಇಟ್ಟು ನೋಡಿದ್ರೆ

ಎಡತೊರೆಯವರಿಗೆ ಹೋಗೋಕೆ ತಮ್ಮದೇ ಕಾರಣ ಇತ್ತು. ಬೈಲಕುಪ್ಪೆಗೆ ಬಂದವರಿಗೆ ಹಿಂದೆ ಹೋಗೋ ದಾರಿ ಮುಚ್ಚಿತ್ತು, ಬರಮಾಡಿಕೊಂಡವರಿಗೆ ದುಡಿಮೆ ಸಿಕ್ತು. ಅದೂ ಅಲ್ಲದೆ ಟಿಬೆಟಿಯನ್ನರು ಒಟ್ಟಾಗಿ ಬಂದ್ರು, ಒಟ್ಟಾಗಿ ಉಳಿದ್ರು. ಮಠ, ಶಾಲೆ, ಸಹಕಾರ ಸಂಘ ಅವರ ಕೈಯಲ್ಲೇ ಇತ್ತು. ನಾಗಾಪುರಕ್ಕೆ ಬಂದವರ ಪಾಲಿಗೆ ಊರಿನ ನಕ್ಷೆಯನ್ನ ಬರೆದಿದ್ದು ಬೇರೆಯವರು. ಮನೆ, ಎಕರೆ, ಹಣ ಇವೆಲ್ಲ ಬೇಕು. ಆದ್ರೆ ಹೊಸ ಊರು ನಿಲ್ಲೋದು 'ಇದು ನಮ್ಮದು' ಅಂತ ಹೇಳೋಕೆ ಜನಕ್ಕೆ ಅವಕಾಶ ಇದ್ದಾಗ.

ಕಾನೂನು ಈಗ ಸ್ವಲ್ಪ ಬದಲಾಗಿದೆ. 2006ರ ಅರಣ್ಯ ಹಕ್ಕು ಕಾಯ್ದೆ ಪ್ರಕಾರ ಕಾಡಿನವರನ್ನ ಸ್ಥಳಾಂತರ ಮಾಡೋಕೆ ಗ್ರಾಮಸಭೆಯ ಮುಕ್ತ ಒಪ್ಪಿಗೆ ಬೇಕು. 2013ರ ಭೂಸ್ವಾಧೀನ ಕಾಯ್ದೆ ಪ್ರಕಾರ ಖಾಸಗಿ ಕಂಪನಿಗಾಗಿ ಸರ್ಕಾರ ಜಮೀನು ತಗೊಳ್ಳೋದಾದ್ರೆ 80% ಜಮೀನುದಾರರು ಒಪ್ಪಬೇಕು, ಸರ್ಕಾರ-ಖಾಸಗಿ ಪಾಲುದಾರಿಕೆ ಆದ್ರೆ 70%. ಸಾಮಾಜಿಕ ಪರಿಣಾಮದ ಅಧ್ಯಯನ, ಸಾರ್ವಜನಿಕ ಅಹವಾಲು ಸಭೆ ಎರಡೂ ಆಗಬೇಕು.

ಆದ್ರೆ ಹುಣಸೂರು ರಸ್ತೆಯ ಲೇಔಟ್? ಅಲ್ಲಿ ರೈತ ತಾನಾಗಿ ಮಾರ್ತಾನೆ, ಕೊಂಡವರು ಡಿಸಿ ಕನ್ವರ್ಷನ್ ಮಾಡಿಸ್ತಾರೆ. ಸ್ವಾಧೀನ ಅಲ್ಲ, ಹಾಗಾಗಿ ಈ ಶೇಕಡಾ ಲೆಕ್ಕ ಅಲ್ಲಿ ಬರಲ್ಲ. ಜಮೀನು ಇದ್ದವನಿಗೆ ಮಾರೋ ಹಕ್ಕಿದೆ, ಸರಿ. ಅದೇ ಹೊಲದಲ್ಲಿ ಕಳೆ ಕೀಳ್ತಿದ್ದ ಹೆಂಗಸಿನ ಕೂಲಿ, ಗೋಮಾಳದ ದಾರಿ, ಕೆರೆಯ ನೀರು, ಇದಕ್ಕೆ ಯಾರು ಸಹಿ ಹಾಕ್ತಾರೆ?

ಚುಂಚನಕಟ್ಟೆ ದೇವಸ್ಥಾನದ ಬಗ್ಗೆ ಒಂದು ನಂಬಿಕೆ ಇದೆ. ಹೊರಗೆ ಜಲಪಾತ ಎಷ್ಟೇ ಭೋರ್ಗರೆದ್ರೂ ಗರ್ಭಗುಡಿ ಒಳಗೆ ಆ ಸದ್ದು ಕೇಳಲ್ವಂತೆ. ದೇವರಿಗೆ ಅದು ಸರಿ. ಪಂಚಾಯ್ತಿ ಆಫೀಸು, ತಾಲ್ಲೂಕು ಕಚೇರಿ, ವಿಧಾನಸೌಧ ಹಾಗಿರಬಾರದು.

ಕೊನೆಗೊಂದು ಕೆಲಸ ಕೊಡ್ತೀನಿ. ನಿಮ್ಮ ಊರಿನ ಗ್ರಾಮಸಭೆ ಮುಂದಿನ ಸಲ ಯಾವಾಗ ಅಂತ ಪಂಚಾಯ್ತಿ ಆಫೀಸಲ್ಲಿ ವಿಚಾರಿಸಿ. ಹೋಗಿ. ಲೇಔಟ್ ಬರ್ತಿದ್ರೆ ಎರಡೇ ಪ್ರಶ್ನೆ ಕೇಳಿ: ನೀರು ಎಲ್ಲಿಂದ ತರ್ತಾರೆ, ಚರಂಡಿ ಎಲ್ಲಿಗೆ ಬಿಡ್ತಾರೆ? ಉತ್ತರವನ್ನ ನಡಾವಳಿ ಪುಸ್ತಕದಲ್ಲಿ ಬರೆಸಿ. ಟೀ ಅಂಗಡಿಯ ಮಾತು ಗಾಳಿಗೆ ಹೋಗುತ್ತೆ. ನಡಾವಳಿಯಲ್ಲಿ ಬರೆದದ್ದು ಮುಂದೆ ಕೋರ್ಟಿಗೂ ಬರುತ್ತೆ, ಇತಿಹಾಸಕ್ಕೂ ಬರುತ್ತೆ.

 ಮನೇಲಿ ಅಜ್ಜ ಅಜ್ಜಿ ಇದ್ರೆ, ನಿಮ್ಮೂರಿನ ಪಕ್ಕ ಹೊಸ ಊರು ಬಂದಾಗ ಅವರೇನಂದ್ರು ಅಂತ ಕೇಳಿ ನೋಡಿ. ಮುಂದಿನ ಸಂಚಿಕೆಯಲ್ಲಿ ಸಿಗೋಣ.