ಕಾಳು ಕೊಟ್ಟರೋ, ಕಾಸು ಕೊಟ್ಟರೋ

ಮಹಾರಾಷ್ಟ್ರದ ಶಿರೋಳ ತಾಲೂಕಿನ ಜಯಸಿಂಗಪುರದಲ್ಲಿರುವ ಅಕ್ಕನಿಗೆ 2024ರ ಜುಲೈಯಿಂದ ‘ಲಾಡಕಿ ಬಹೀಣ’ ಯೋಜನೆಯ ತಿಂಗಳಿಗೆ 1,500 ರೂಪಾಯಿ. ಗಡಿಯಾಚೆ ಕರ್ನಾಟಕದ ಬೋರಗಾವಿಗೆ ಕೊಟ್ಟ ತಂಗಿಗೆ 2023ರ ಆಗಸ್ಟ್‌ನಿಂದ ‘ಗೃಹಲಕ್ಷ್ಮಿ’ಯ 2,000. ಇಬ್ಬರೂ ಕೊಳ್ಳುವ ಎಣ್ಣೆ, ಬೇಳೆಯ ದರವಂತೂ ಹೆಚ್ಚುಕಡಿಮೆ ಒಂದೇ. ತುಟ್ಟಿಯ ಕಾಲದಲ್ಲಿ ಸರ್ಕಾರದ ನೆರವು ಮನೆಮನೆಗಳ ನಡುವಿನ ಅಂತರ ತಗ್ಗಿಸುತ್ತದೆಯೇ? ಅರ್ಥಶಾಸ್ತ್ರಜ್ಞರ ಈ ಹಳೆಯ ಜಗಳವನ್ನು ಅಳೆದು ನೋಡಲು ಇಂಥ ಗಡಿಯೂರೇ ಸರಿ.

ಜಯಸಿಂಗಪುರಕ್ಕೆ ತಂದೆಯ ಹೆಸರಿಟ್ಟ ಕೊಲ್ಹಾಪುರದ ಶಾಹೂ ಮಹಾರಾಜರು 1896-97ರ ಬರದಲ್ಲಿ ಅಗ್ಗದ ಧಾನ್ಯದ ಅಂಗಡಿ ತೆರೆಸಿದ್ದರು. ಅಂಥ ನೆರವು ಒಳ್ಳೆಯದನ್ನೇ ಮಾಡುತ್ತದೆ ಎಂಬ ನಂಬಿಕೆಯನ್ನು ಅಲುಗಾಡಿಸಿದ್ದು ಅಮರ್ತ್ಯ ಸೇನ್ 1981ರಲ್ಲಿ ಬರೆದ ಬರಗಾಲದ ಅಧ್ಯಯನ. 1943ರ ಬಂಗಾಳದಲ್ಲಿ ಯುದ್ಧದ ಖರ್ಚಿನಿಂದ ಬೆಲೆ ನೆತ್ತಿಗೇರಿತ್ತು. ಕಲ್ಕತ್ತೆಯ ಕಾರ್ಖಾನೆ, ಕಚೇರಿಗಳ ನೌಕರರಿಗೆ ಅಗ್ಗದ ಅಕ್ಕಿ ಸಿಕ್ಕಿತು. ಅದಕ್ಕಾಗಿ ನಡೆದ ಖರೀದಿಯ ಭರಾಟೆಯಲ್ಲಿ ಹಳ್ಳಿಯ ಕೂಲಿಗೆ ಅಕ್ಕಿ ಕೈಗೆಟುಕದಂತಾಯಿತು. ನೆರವೇ ಅಂತರವನ್ನು ಹಿಗ್ಗಿಸಿತ್ತು.

1972ರ ಬರ ಮಹಾರಾಷ್ಟ್ರಕ್ಕೆ ಉದ್ಯೋಗ ಖಾತರಿಯನ್ನು ಕಲಿಸಿತು. 1977ರಲ್ಲಿ ಅದು ಕಾಯ್ದೆಯಾಯಿತು, 2005ರಲ್ಲಿ ದೇಶದ್ದೂ ಆಯಿತು. ಆದರೆ ಬೆಲೆಯ ಜೊತೆ ಏರುವ ನೆರವು ಎಲ್ಲರಿಗೂ ಇಲ್ಲ. ಸರ್ಕಾರಿ ನೌಕರನ ತುಟ್ಟಿಭತ್ಯೆ ಬೆಲೆ ಸೂಚ್ಯಂಕದ ಬೆನ್ನು ಹತ್ತಿ ಏರುತ್ತದೆ. ಎಂಬತ್ತು ತುಂಬದ ಬಡ ಮುದುಕರ ಪಿಂಚಣಿಯಲ್ಲಿ ಕೇಂದ್ರದ ಪಾಲು 2007ರ ಸುಮಾರಿಗೆ ತಿಂಗಳಿಗೆ 200 ರೂಪಾಯಿಗೆ ನಿಂತದ್ದು ಮುಂದೆ ವರ್ಷಗಟ್ಟಲೆ ಅಲುಗಾಡಲೇ ಇಲ್ಲ. ಬೆಲೆಯ ಜೊತೆ ಏರದ ಕಾಸು ಕರಗುತ್ತದೆ ಎಂಬುದಕ್ಕೆ ಇದಕ್ಕಿಂತ ದೊಡ್ಡ ಪಾಠ ಬೇಕೆ?

2013ರಲ್ಲಿ ಅರ್ಥಶಾಸ್ತ್ರಜ್ಞರಾದ ಜಾನ್ ಡ್ರೇಜ್ ಮತ್ತು ರೀತಿಕಾ ಖೇರಾ ಕಾಳಿನ ಪರ ಲೆಕ್ಕ ಮುಂದಿಟ್ಟರು: 2009-10ರಲ್ಲಿ ಪಡಿತರದಿಂದ ಗ್ರಾಮೀಣ ಬಡತನದ ಆಳ ಶೇ. 18ರಿಂದ 22ರಷ್ಟು ತಗ್ಗಿತ್ತು. ಕಾರಣ ಸರಳ. ಪೇಟೆಯಲ್ಲಿ ಅಕ್ಕಿ 40 ಆಗಲಿ, 55 ಆಗಲಿ, ತಲೆಗೆ ಐದು ಕಿಲೋ ಐದು ಕಿಲೋನೇ. ಕಾಸು ಹಾಗಲ್ಲ: ವರ್ಷಕ್ಕೆ ಶೇ. 5ರಂತೆ ಬೆಲೆ ಏರಿದರೆ ಅಕ್ಕನ 1,500 ಎರಡೇ ವರ್ಷದಲ್ಲಿ 1,360ರಷ್ಟು ಸಾಮಾನನ್ನಷ್ಟೇ ತರುತ್ತದೆ.

2023ರ ಜೂನ್‌ನಲ್ಲಿ ಬೆಲೆ ಹಿಡಿತದ ಹೆಸರಿನಲ್ಲಿ ಕೇಂದ್ರವು ರಾಜ್ಯಗಳಿಗೆ ಅಕ್ಕಿ ಮಾರುವುದನ್ನು ನಿಲ್ಲಿಸಿತು. ತನ್ನ ಪುಕ್ಕಟೆ ಅಕ್ಕಿಯ ‘ಅನ್ನಭಾಗ್ಯ’ ಯೋಜನೆಯ ಹೆಚ್ಚುವರಿ ಐದು ಕಿಲೋ ಬದಲು ಕರ್ನಾಟಕ ತಲೆಗೆ ತಿಂಗಳಿಗೆ 170 ರೂಪಾಯಿ ಹಾಕಿತು. 2025ರ ಫೆಬ್ರವರಿಯಲ್ಲಿ ಮತ್ತೆ ಅಕ್ಕಿಗೇ ಮರಳಿತು. ಸಂಶೋಧಕರಿಗೆ ಇದಕ್ಕಿಂತ ಚೆಂದದ ಪ್ರಯೋಗ ಸಿಗಲಿಕ್ಕಿಲ್ಲ.

ಮನೆಖರ್ಚಿನ ಇತ್ತೀಚಿನ ಸರ್ಕಾರಿ ಸಮೀಕ್ಷೆಗಳು ನೆರವಾಗಿ ಬಂದ ಪುಕ್ಕಟೆ ವಸ್ತುಗಳಿಗೂ ಬೆಲೆ ಕಟ್ಟುತ್ತವೆ. 2023-24ರಲ್ಲಿ ಹಳ್ಳಿಯ ತಲಾ ಮಾಸಿಕ ವೆಚ್ಚ 4,122 ಇದ್ದದ್ದು ಹಾಗೆ ಸೇರಿಸಿದಾಗ 4,247 ಆಯಿತು. ಖರ್ಚಿನ ಅಸಮಾನತೆ ಅಳೆಯುವ ಗಿನಿ ಸೂಚ್ಯಂಕ ಒಂದೇ ವರ್ಷದಲ್ಲಿ ಹಳ್ಳಿಗಳಲ್ಲಿ 0.266ರಿಂದ 0.237ಕ್ಕೆ ಇಳಿಯಿತು. ನನಗೆ ಈ ಇಳಿತದ ಮೇಲೆ ಪೂರ್ತಿ ಭರವಸೆಯಿಲ್ಲ. ಅದು ಖರ್ಚಿನ ಲೆಕ್ಕ, ಆದಾಯದ್ದೂ ಅಲ್ಲ, ಆಸ್ತಿಯದ್ದೂ ಅಲ್ಲ.

ಈ ಅಧ್ಯಯನಗಳಲ್ಲಿ ಬಹುಪಾಲು ಕೊಳ್ಳುವವರ ಕಡೆ ನಿಂತು ನೋಡುತ್ತವೆ. ಬೆಳೆಯುವವರ ಮಾತು ಕೇಳಬೇಕಿದ್ದರೆ ಜಯಸಿಂಗಪುರದಲ್ಲಿ ರೈತರು ಸೇರುವ ಕಬ್ಬು ಪರಿಷತ್ತಿಗೆ ಬರಬೇಕು. ಪೇಟೆಯ ಸಕ್ಕರೆ ಅಗ್ಗವಾಗಿರಲೆಂದು 2022ರ ಜೂನ್‌ನಿಂದ ರಫ್ತಿಗೆ ಕಡಿವಾಣ ಬಿತ್ತು; ಕಾರ್ಖಾನೆ ಮಾರುವ ಸಕ್ಕರೆಯ ಕನಿಷ್ಠ ದರ 2019ರಿಂದ ವರ್ಷಗಟ್ಟಲೆ ಕಿಲೋಗೆ 31ರಲ್ಲೇ ಕೂತಿತು. ಪಕ್ಕದ ಇಚಲಕರಂಜಿಯ ಯಂತ್ರಮಗ್ಗದ ಕಾರ್ಮಿಕನ ಚಹಾ ಸಿಹಿಯಾದದ್ದರಲ್ಲಿ ಶಿರೋಳದ ರೈತನ ಪಾಲೂ ಇದೆ. ಎರಡೆಕರೆ ಕಬ್ಬಿರುವ ಮನೆಯಲ್ಲಿ ರೇಷನ್ ಕಾರ್ಡೂ ಇರುತ್ತದೆ, ಲಾಡಕಿ ಬಹೀಣದ ಪಾಸ್‌ಬುಕ್ಕೂ ಇರುತ್ತದೆ. ಒಂದು ಕೈಯಿಂದ ಹೋದದ್ದೆಷ್ಟು, ಇನ್ನೊಂದಕ್ಕೆ ಬಂದದ್ದೆಷ್ಟು ಎಂಬುದನ್ನು ಆ ಮನೆಯ ಒಲೆಯ ಮುಂದೆ ಕೂತೇ ಲೆಕ್ಕ ಹಾಕಬೇಕು.