ಗೋವೆಯ ವೈದ್ಯರೂ ಪರದೇಶಿ ರೋಗಿಗಳೂ

ನಾನು ಎತ್ತಿಕೊಂಡಿರುವ ಪ್ರಶ್ನೆ ಸಣ್ಣದು: ಗೋವೆಗೆ ಹೊರಗಿನಿಂದ ಬಂದವರು ಕಾಯಿಲೆ ಬಿದ್ದಾಗ ಊರಿನ ವೈದ್ಯರ ಹತ್ತಿರ ಹೋದರೇ, ಹೇಗೆ ಮಾತಾಡಿದರು?

1534ರಲ್ಲಿ ಬಂದ ಪೋರ್ಚುಗೀಸ್ ವೈದ್ಯ ಗಾರ್ಸಿಯಾ ದ ಓರ್ಟಾ ಬರೆದ ಔಷಧಿಗಳ ಸಂವಾದಗ್ರಂಥ 1563ರಲ್ಲಿ ಗೋವೆಯಲ್ಲೇ ಅಚ್ಚಾಯಿತು; ಅದರಲ್ಲಿ ಮಾಲೂಪನೆಂಬ ಹಿಂದೂ ವೈದ್ಯನೂ ಮಾತಾಡುತ್ತಾನೆ. ಕ್ರೈಸ್ತರು ಅಂಥ ವೈದ್ಯರ ಬಳಿ ಹೋಗಕೂಡದು ಅಂತ 1567ರ ಚರ್ಚ್ ಸಭೆ ವಿಧಿಸಿತು. 1618ರಲ್ಲಿ ನಗರಸಭೆ ಹಿಂದೂ ವೈದ್ಯರ ಸಂಖ್ಯೆಯನ್ನು 30ಕ್ಕೆ ಮಿತಿಗೊಳಿಸಿತು. ಅಂದ್ರೆ ನಿಷೇಧ ನಡೆಯಲಿಲ್ಲ, ರೋಗಿಗಳು ಹೋಗುತ್ತಲೇ ಇದ್ದರು.

ಇವರು ಆಳಲು ಬಂದ ಪರದೇಶಿಗಳು, ದಾಖಲೆಯಲ್ಲಿ ಉಳಿದರು. ಕನ್ನಡದಲ್ಲಿ ಪರದೇಶಿ ಅಂದ್ರೆ ದಿಕ್ಕಿಲ್ಲದವನೂ ಹೌದು. ದುಡಿಯಲು ಬಂದವರ ಕತೆ ಅದು. ಝುವಾರಿನಗರದಲ್ಲಿ ನೆಲೆಸಿದ ಉತ್ತರ ಕರ್ನಾಟಕದ ಕೂಲಿಕಾರರು ಹಲ್ಲುನೋವು ಅಂತ ಬಾಂಬೋಳಿಯ ಸರ್ಕಾರಿ ದಂತ ಕಾಲೇಜಿಗೆ ಹೋದರೆ, "ದಾಂತ್ ದುಖ್ತಾ?" ಅನ್ನೋ ಕೊಂಕಣಿ ಪ್ರಶ್ನೆ ಎದುರಾಗಬಹುದು. ನಮ್ಮ ಕಿವಿಗೆ ದುಃಖ ಮನಸ್ಸಿಗೆ ಸೇರಿದ್ದು. ಕೊಂಕಣಿಯಲ್ಲಿ ಹಲ್ಲೂ ದುಃಖಿಸುತ್ತದೆ.

ಇಷ್ಟು ಹತ್ತಿರದ ಮಾತಿನಲ್ಲೂ ನೋವು ದಾರಿ ತಪ್ಪುತ್ತದೆ. ಆಸ್ಪತ್ರೆಯ ಚೀಟಿ ಇದನ್ನು ಬರೆದುಕೊಳ್ಳುವುದಿಲ್ಲ. ಈ ರೋಗಿಗಳನ್ನು ಕೇಳಿ ಬರೆದಿಡುವುದು ಭಾಷೆ ಓದುವ ನಮ್ಮ ಕೆಲಸ ಅಂತ ನನ್ನ ವಾದ.