ನೂರಾ ಎಂಬತ್ತು ಕಿಲೋಮೀಟರ್‌ಗೆ ಯಾವ ಲೋಹ?

ಐರನ್‌ಮ್ಯಾನ್ ದೂರದ ಟ್ರಯಥ್ಲಾನ್ ಅಂದ್ರೆ 3.8 ಕಿ.ಮೀ. ಈಜು, 180 ಕಿ.ಮೀ. ಸೈಕಲ್, ಅದಾದ ಮೇಲೆ ಪೂರ್ತಿ ಮ್ಯಾರಥಾನ್. 1978ರಲ್ಲಿ ಹವಾಯಿಯಲ್ಲಿ ಇದು ಶುರುವಾದಾಗ ಹೊರಟವರು ಹದಿನೈದೇ ಜನ. ಆ ಕಾಲದ ರೇಸ್ ಸೈಕಲ್ ಅಂದ್ರೆ ಹೆಚ್ಚುಕಮ್ಮಿ ಉಕ್ಕಿನದೇ. ಈಗ ಯಾರನ್ನು ಕೇಳಿದರೂ ಒಂದೇ ಉತ್ತರ: ಕಾರ್ಬನ್ ತಗೊಳ್ಳಿ. ನಾನು ತಗೊಂಡಿದ್ದು ಕ್ರೋಮೊಲಿ ಉಕ್ಕು. ಭದ್ರಾವತಿ ಸೀಮೆಯ ಅಭಿಮಾನ ಅಂತ ಆಫೀಸಿನ ಗೆಳೆಯರು ನಗ್ತಾರೆ. ಇರಬಹುದು, ಆದರೆ ಲೆಕ್ಕಾನೂ ಇದೆ.

ಭದ್ರಾವತಿಯ ಹಳೇ ಹೆಸರು ಬೆಂಕಿಪುರ. ಕುಲುಮೆಯಿಂದ ಬಂದ ಹೆಸರಲ್ಲ, ವಂಕಿಪುರ ಅನ್ನೋದು ಬಾಯಲ್ಲಿ ಹಾಗಾಗಿದ್ದು. ಕುಲುಮೆ ಉರಿದದ್ದು 1923ರ ಜನವರಿಯಲ್ಲಿ. ಮೈಸೂರು ಸಂಸ್ಥಾನಕ್ಕೆ ಕೆಮ್ಮಣ್ಣುಗುಂಡಿಯ ಅದಿರಿತ್ತು, ಕಲ್ಲಿದ್ದಲು ಇರಲಿಲ್ಲ. ಹಾಗಾಗಿ ಮಲೆನಾಡಿನ ಮರ ಕಡಿದು ಇದ್ದಿಲು ಮಾಡಿದರು. ಮರ ಸುಡುವಾಗ ಬರುವ ಹೊಗೆಯನ್ನೂ ಬಿಡದೆ ಹಿಡಿದು ಮರದ ಸ್ಪಿರಿಟ್ಟು, ಟಾರು ತೆಗೆದರು. ಇದ್ದಿಲಲ್ಲಿ ಗಂಧಕ ಇಲ್ಲವೇ ಇಲ್ಲ ಅನ್ನುವಷ್ಟು ಕಮ್ಮಿ, ಅದಕ್ಕೇ ಕಬ್ಬಿಣ ಶುದ್ಧ. ಆ ಶುದ್ಧತೆಗೆ ಬೆಲೆ ಕೊಟ್ಟಿದ್ದು ಕಾಡು. ವಿಶ್ವೇಶ್ವರಯ್ಯನವರ ಹೆಸರು ಹೇಳುವಾಗ ಇದನ್ನೂ ಹೇಳಬೇಕು ಅಂತ ನನ್ನ ಅಭಿಪ್ರಾಯ. ಆಮೇಲೆ ಜೋಗದ ಕರೆಂಟಿನ ಕುಲುಮೆಗಳು ಬಂದವು, ಮಿಶ್ರಲೋಹದ ಉಕ್ಕು ಬಂತು. ಭದ್ರಾವತಿಗೆ ಹೆಸರು ತಂದದ್ದು ಇದೇ ಉಕ್ಕಿನ ಬಾರುಗಳು, ಸೈಕಲ್ ಟ್ಯೂಬಲ್ಲ.

ಆದರೆ ಸೈಕಲ್ಲಿನ ಕಥೆಯೂ ಮಿಶ್ರಲೋಹದ್ದೇ. ನಮ್ಮೂರಲ್ಲಿ ಹಾಲಿನ ಕ್ಯಾನು ಹೊತ್ತ ಸೈಕಲ್ಲು ಸಾದಾ ಉಕ್ಕಿನದು, ತೂಕ ಇಪ್ಪತ್ತು ಕೆ.ಜಿ. ಹತ್ತಿರ. ಸಾದಾ ಉಕ್ಕಾಗಲಿ, ದುಬಾರಿ ಉಕ್ಕಾಗಲಿ, ಬಾಗುವಿಕೆಯನ್ನು ತಡೆಯುವ ಗುಣ ಎರಡಕ್ಕೂ ಒಂದೇ, ಸುಮಾರು 200 ಗಿಗಾಪಾಸ್ಕಲ್. ಮಿಶ್ರಲೋಹದಿಂದ ಹೆಚ್ಚೋದು ಬಲ. ಬಲ ಹೆಚ್ಚಿದರೆ ಗೋಡೆ ತೆಳ್ಳಗೆ ಮಾಡಬಹುದು. ಇಂಗ್ಲೆಂಡಿನ ರೆನಾಲ್ಡ್ಸ್ ಕಂಪನಿ 1935ರಲ್ಲಿ ತಂದ 531 ಟ್ಯೂಬಿನ ಗುಟ್ಟು ಇಷ್ಟೇ: ಮ್ಯಾಂಗನೀಸ್, ಮಾಲಿಬ್ಡಿನಮ್ ಸೇರಿಸಿ, ಜೋಡಣೆ ಇರುವ ತುದಿಗಳಲ್ಲಿ ದಪ್ಪ, ನಡುವೆ ತೆಳು.

ಅಲ್ಯುಮಿನಿಯಂ ಹಗುರ, ಬೆಲೆಯೂ ಕಮ್ಮಿ, ಆದರೆ ಸಣ್ಣ ಕುಲುಕಾಟವನ್ನೂ ಆಯಾಸದ ಲೆಕ್ಕಕ್ಕೆ ಜಮಾ ಮಾಡ್ತಾ ಹೋಗುತ್ತೆ. ಉಕ್ಕು ಒಂದು ಮಿತಿಯೊಳಗಿನ ಕುಲುಕಾಟವನ್ನು ಮರೆತುಬಿಡುತ್ತೆ. ಟೈಟೇನಿಯಂ ಬಗ್ಗೆ ಮಾತಾಡಲ್ಲ, ಇಎಂಐ ಸಾಕಷ್ಟಿದೆ. ಕಾರ್ಬನ್ ನಿಜಕ್ಕೂ ವೇಗ: ಗಾಳಿ ಸೀಳುವ ಆಕಾರಕ್ಕೆ ಅಚ್ಚು ಹಾಕಬಹುದು, ಫ್ರೇಮು ಒಂದು ಕೆ.ಜಿ.ಯಷ್ಟು ಹಗುರ. ಆದರೆ ಸಮತಟ್ಟು ರಸ್ತೆಯ 180 ಕಿ.ಮೀ.ನಲ್ಲಿ ಆ ಒಂದು ಕೆ.ಜಿ. ದೊಡ್ಡದಲ್ಲ, ಗಾಳಿ ತಡೆಯೋದರಲ್ಲಿ ಹೆಚ್ಚಿನ ಪಾಲು ಸವಾರನ ಮೈಯದ್ದೇ. ಶಿವಮೊಗ್ಗ–ಭದ್ರಾವತಿ ಮಧ್ಯೆ ಬಿದ್ದರೆ ಕಾರ್ಬನ್ನಿನ ಬಿರುಕು ಬಣ್ಣದ ಕೆಳಗೆ ಅಡಗಬಹುದು. ಉಕ್ಕು ಬಾಗುತ್ತೆ, ಕಣ್ಣಿಗೆ ಕಾಣುತ್ತೆ, ಕೈ ಪಳಗಿದ ವೆಲ್ಡರ್ ಸಿಕ್ಕರೆ ರಿಪೇರಿಯೂ ಆಗುತ್ತೆ.

ಅಂಥ ಕೈಗಳನ್ನು ಬೆಳೆಸಿದ ಕಾರ್ಖಾನೆಗೆ 2023ರ ಜನವರಿಯಲ್ಲಿ, ಸರಿಯಾಗಿ ನೂರು ವರ್ಷಕ್ಕೆ, ಮುಚ್ಚುವ ನಿರ್ಧಾರ ಬಂತು. ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಆಗಸ್ಟಿನಲ್ಲಿ ಬಾರ್ ಮಿಲ್ ಮತ್ತೆ ತಿರುಗಿತು, ಕುಲುಮೆ ಹೊತ್ತಲಿಲ್ಲ.

ನನ್ನ ಫ್ರೇಮು ತೈವಾನಿಂದು. ಬಿ.ಎಚ್. ರೋಡಿನ ಟೀ ಅಂಗಡಿಯಲ್ಲಿ ರಿಟೈರಾದ ಕಾರ್ಮಿಕರೊಬ್ಬರು ಅದರ ಮೇಲಿನ 4130 ಸ್ಟಿಕ್ಕರ್ ಓದಿ, ಕ್ರೋಮಿಯಂ ಒಂದು ಪರ್ಸೆಂಟ್, ಇಂಗಾಲ 0.30 ಅಂತ ಥಟ್ಟನೆ ಹೇಳಿದರು. ಗೋಡೆ ಎಷ್ಟು ದಪ್ಪ ಅಂತ ಕೇಳಿದರು. ನಡುವೆ ಒಂದು ಮಿಲಿಮೀಟರ್ ಕೂಡ ಇಲ್ಲ ಅಂದೆ. ಬೆರಳಲ್ಲಿ ತಟ್ಟಿ ಸದ್ದು ಕೇಳಿಸಿಕೊಂಡರು.